ಗಾಳಿ ಕುಡಿಯದ ಬಟ್ಟೆ

ಚೂಡಾಮಣಿಯ ಆರನೆಯ ತಿಂಗಳ ಮಾಸಿಕ ಮುಗಿದ ದಿನ ಮಧ್ಯಾಹ್ನ ಚಲುವರಾಜು ಮಳವಳ್ಳಿಯ ನಮ್ಮ ಮನೆಗೆ ಬಂದನು. ಮದ್ದೂರಿನಿಂದ ಬಸ್ಸಿನ ಮೇಲೆ ಹಾಕಿಸಿಕೊಂಡು ಒಂದು ಉದ್ದನೆಯ ಅಲ್ಯುಮಿನಿಯಂ ಪೈಪನ್ನು ತಂದಿದ್ದನು. ಒಳಗೆ ವೈದಿಕರು ಊಟ ಮುಗಿಸಿ ಕೈ ತೊಳೆಯುತ್ತಿದ್ದರು. ನನಗೆ ಯಾರೊಡನೆಯೂ ಮಾತು ಬೇಕಾಗಿರಲಿಲ್ಲ. ಹೆಂಡತಿಯ ಕರ್ಮ ಮಾಡಿ ಎದ್ದವನಿಗೆ ಮೈಯೆಲ್ಲ ಸೋತುಹೋಗಿರುತ್ತದೆ. ಆದರೂ ಜಗಲಿಗೆ ಬಂದು ಕೂತೆ.

"ತುಂತುರು ನೀರು ಬುಡೋ ಪೈಪು ಸ್ವಾಮಿ, ಹಳೇದು. ನಮ್ ಹಾಯಿಕಂಬಕ್ಕೆ ಆಯ್ತದೆ. ಎತ್ತಿ ನೋಡಿ, ಕಬ್ಬಿನ ಜಲ್ಲೆ ಎತ್ತಿದಂಗಾಯ್ತದೆ," ಎಂದನು.

ನಾನು ಎತ್ತಿ ನೋಡಲಿಲ್ಲ. "ಈ ವರ್ಷ ಬೇಡ ಚಲುವರಾಜು," ಎಂದೆ.

"ಈ ವರ್ಸ ಬುಟ್ರೆ ಮುಂದ್ಕೆ ಇಲ್ಲ ಸ್ವಾಮಿ. ನಾಲೆ ಎಂಜಿನಿಯರು ಸಾಹೇಬ್ರು ನೆನ್ನೆ ಬಾಯಿಬುಟ್ಟು ಏಳವ್ರೆ. ಸಿವರಾತ್ರಿ ಒಳಗೆ ಐದು ದೋಣಿ ಇಳಿಸಿ ಪಂದ್ಯ ಮಾಡಿದ್ರೆ ಸರಿ. ಇಲ್ದಿದ್ರೆ ಕೆರೆ ಮ್ಯಾಗಳ ಸೆಡ್ಡು ಮೀನಿನ ಸೊಸೈಟಿಯೋರ್ಗೆ."

ಜೋಡಿದೋಣಿಯ ವಿಚಾರವನ್ನು ಇಲ್ಲಿ ಸ್ವಲ್ಪ ಹೇಳಬೇಕು. ಮಳವಳ್ಳಿಯಿಂದ ಮದ್ದೂರಿಗೆ ಹೋಗುವ ದಾರಿಯ ಒಳಗಡೆ ನಮ್ಮ ದೊಡ್ಡಕೆರೆ ಇದೆ. ನಾಲೆಯ ನೀರು ಬಂದ ಮೇಲೆ ಅದು ಬತ್ತಿದ್ದಿಲ್ಲ. ಐವತ್ತರ ದಶಕದ ಕೊನೆಯಲ್ಲಿ ಈ ಕಡೆ ಕೆಲಸಕ್ಕಿದ್ದ ಒಬ್ಬ ಇಂಗ್ಲಿಷಿನವನು ತನ್ನ ಊರಿನಿಂದ ಒಂದು ನಕ್ಷೆ ತರಿಸಿದನು. ತೆಳ್ಳನೆಯ ಎರಡು ದೋಣಿಗಳನ್ನು ಜೋಡೆತ್ತಿನ ಹಾಗೆ ಪಕ್ಕಪಕ್ಕದಲ್ಲಿಟ್ಟು, ಮೇಲೆ ಅಡ್ಡತೊಲೆ ಬಿಗಿದು, ನಡುವೆ ಒಂದು ಕಂಬ, ಒಂದು ಹಾಯಿ. ಮದ್ದೂರಿನ ಬಡಗಿಯೊಬ್ಬ ಆ ನಕ್ಷೆಯಂತೆ ಏಳು ಜೊತೆ ಮಾಡಿಕೊಟ್ಟನು. ಎಲ್ಲವೂ ಒಂದೇ ಉದ್ದ, ಒಂದೇ ಅಗಲ, ಒಂದೇ ಹಾಯಿ. ದೋಣಿಗಳಲ್ಲಿ ಹೆಚ್ಚುಕಡಿಮೆ ಇಲ್ಲದಿದ್ದರೆ ಗೆಲ್ಲುವುದು ದುಡ್ಡಲ್ಲ, ಕೈ ಮತ್ತು ಕಣ್ಣು, ಎಂಬುದು ಆ ಪುಣ್ಯಾತ್ಮನ ಮಾತು. ನಾನಾಗ ನಾಲೆಯ ಓವರ್‌ಸಿಯರು. ಅಳತೆಯ ಕೆಲಸ ಗೊತ್ತಿದ್ದವನೆಂದು ನನ್ನನ್ನು ದೋಣಿಗಳ ಅಳತೆಗಾರನನ್ನಾಗಿ ಮಾಡಿದನು. ಅವನು ಹಡಗು ಹತ್ತಿ ಹೋದನು. ಅಳತೆ ನನ್ನ ಕೊರಳಿಗೆ ಉಳಿಯಿತು. ಇಂಥ ಸಣ್ಣ ಊರಿನಲ್ಲಿ ಹಾಯಿ ಹೊಲಿಯುವವರು ಯಾರಿದ್ದಾರೆ? ಚೂಡಾಮಣಿ ಹೊಲಿದಳು. ಏಳು ದೋಣಿಗೂ, ಹರಿದಾಗಲೆಲ್ಲ, ಅವಳೇ.

ಈಗ ಏಳರಲ್ಲಿ ಎರಡು ಗೆದ್ದಲಿಗೆ ಹೋಗಿದ್ದವು. ಉಳಿದ ಐದು ಶೆಡ್ಡಿನಲ್ಲಿ ಬಿದ್ದಿದ್ದವು. ಅವುಗಳ ಒಡಲು ನೀರು ಕುಡಿದು ಭಾರವಾಗಿ, ನೀರಿಗೆ ಇಳಿಸಿದರೆ ಎಮ್ಮೆ ಮಲಗಿದ ಹಾಗೆ ಮಲಗುತ್ತಿದ್ದವು. ಹಿಂದಿನ ವರ್ಷ ಪಂದ್ಯವೇ ನಡೆದಿರಲಿಲ್ಲ. ಚಲುವರಾಜು ಮದ್ದೂರಿನಲ್ಲಿ ಲಾರಿಗಳ ಮೈ ಕಟ್ಟುವವನು; ಐದರಲ್ಲಿ ಒಂದು ದೋಣಿ ಅವನದು. ಬೆಂಗಳೂರಿನಲ್ಲಿ ಮಿಲಿಟರಿಯವರ ಹೊಸ ದೋಣಿಗಳನ್ನು ನೋಡಿ ಬಂದಿದ್ದನು. ಹಳೆಯ ಒಡಲಿಗೇ ಮೇಲೆ ಫೈಬರು ಹೊದಿಸಬಹುದು, ಮರದ ಕಂಬ ತೆಗೆದು ಪೈಪು ನಿಲ್ಲಿಸಬಹುದು, ಹತ್ತಿಯ ಹಾಯಿ ತೆಗೆದು ಟೆರಿಲಿನ್ ಹಾಕಬಹುದು ಎಂದು ಅವನು ಒಂದೇ ಉಸಿರಿನಲ್ಲಿ ಹೇಳಿದನು. ಆದರೆ ನಮ್ಮ ನಿಯಮದಂತೆ ಒಂದು ದೋಣಿ ಬದಲಾದರೆ ಐದೂ ಬದಲಾಗಬೇಕು, ಮತ್ತು ಬದಲಾವಣೆಗೆ ಅಳತೆಗಾರನ ಒಪ್ಪಿಗೆ ಬೇಕು. ನಾನು ಬೇಡವೆಂದರೆ ಎಲ್ಲವೂ ಅಲ್ಲಿಗೆ ಮುಗಿಯುತ್ತಿತ್ತು.

ನಿಜ ಹೇಳುವುದಾದರೆ ಮುಗಿಯಲಿ ಎಂದೇ ನನ್ನ ಮನಸ್ಸಿನಲ್ಲಿತ್ತು. ಅವಳೊಡನೆ ಶುರುವಾದದ್ದು ಅವಳೊಡನೆ ಮುಗಿದರೆ ಭಗವಂತ ಏನೂ ಅನ್ನುವುದಿಲ್ಲ.

"ಒಡಲು, ಕಂಬ ನಿಮ್ಮಿಷ್ಟ. ಹಾಯಿ ಮುಟ್ಟಬೇಡಿ," ಎಂದು ಹೇಳಿ ಕಳಿಸಿದೆ.

ಒಂದು ವಾರ ಬಿಟ್ಟು ಕೆರೆಯ ಕಡೆ ಹೋದೆ. ಶೆಡ್ಡಿನ ಮುಂದೆ ಜಗಳ ನಡೆಯುತ್ತಿತ್ತು. ಚಲುವರಾಜು ಒಂದು ದೋಣಿಯನ್ನು ಮಗುಚಿ ಹಾಕಿ ಬಣ್ಣ ಕೆರೆಯುತ್ತಿದ್ದನು. ಚಿಕ್ಕರಸಿನಕೆರೆಯ ಕರಿಯಯ್ಯ ಅವನ ಕೈ ಹಿಡಿದುಕೊಂಡಿದ್ದನು. ಕರಿಯಯ್ಯನಿಗೆ ಎರಡೆಕರೆ ಕಬ್ಬಿನ ಗದ್ದೆ, ಒಂದು ಆಲೆಮನೆ ಇದ್ದವು. ಮೊದಲಿಂದಲೂ ಮೂರನೆಯ ನಂಬರಿನ ದೋಣಿ ಅವನದು.

"ಬುಡ್ಲಾ ಅದ, ಕೆರೀಬ್ಯಾಡ. ಪೂಜೆ ಮಾಡಿರೋ ಬಣ್ಣ ಕಣ್ಲಾ ಅದು."

"ಪೂಜೆ ಮಾಡಿ ಮಾಡೀನೇ ದೋಣಿ ಸತ್ತಿರೋದು. ನೋಡಿ ಸ್ವಾಮಿ ಇಲ್ಲಿ."

ನೋಡಿದೆ. ಪ್ರತಿ ವರ್ಷ ಆಯುಧಪೂಜೆಗೆ ನಮ್ಮವರು ದೋಣಿಗೆ ಹೊಸ ಬಣ್ಣ ಬಳಿದು, ಅರಿಶಿನ ಕುಂಕುಮವಿಟ್ಟು, ಕುಂಬಳಕಾಯಿ ಒಡೆಯುತ್ತಿದ್ದರು. ಮುಂದಿನ ವರ್ಷ ಆ ಕುಂಕುಮದ ಮೇಲೆಯೇ ಮತ್ತೊಂದು ಬಣ್ಣ. ಪೂಜೆಯಾದದ್ದನ್ನು ಕೆರೆದರೆ ದೋಷವೆಂದು ಯಾರೂ ಕೆರೆದಿರಲಿಲ್ಲ. ಚಲುವರಾಜು ಕಿತ್ತ ಚಕ್ಕೆ ಹಲಸಿನ ತೊಳೆಯಷ್ಟು ದಪ್ಪವಿತ್ತು. ಹಸಿರು, ನೀಲಿ, ಕೆಂಪು, ಮತ್ತೆ ಹಸಿರು. ನಡುನಡುವೆ ಕುಂಕುಮ ಕಪ್ಪಗೆ ಉಳಿದಿತ್ತು. ಅದರ ಕೆಳಗೆ ಹಲಗೆ ನೆಂದು ಅವಲಕ್ಕಿಯಂತಾಗಿತ್ತು.

"ಕರಿಯಯ್ಯ," ಎಂದೆ, "ದೇವರಿಗೆ ನಿನ್ನೆ ಏರಿಸಿದ ಹೂವನ್ನು ಇವತ್ತು ಬೆಳಿಗ್ಗೆ ಏನು ಮಾಡುತ್ತಾರೆ?"

"ತಗೀತಾರೆ."

"ತೆಗೆಯದೆ ಹೊಸ ಹೂ ಏರಿಸಿದರೆ?"

"ಕೊಳ್ತೋಯ್ತದೆ."

"ಅದು ನಿರ್ಮಾಲ್ಯ. ತೆಗೆಯುವುದೂ ಪೂಜೆಯೇ. ಕೆರೆಯಲಿ ಬಿಡು."

ಕರಿಯಯ್ಯ ಕೈ ಬಿಟ್ಟನು. ಸ್ವಲ್ಪ ಹೊತ್ತು ಬೀಡಿ ಸೇದಿದನು. ಆಮೇಲೆ ನನ್ನ ಮುಖ ನೋಡದೆ ಹೇಳಿದನು: "ಅಂಗಾರೆ ಅಮ್ನೋರು ಒಲ್ದಿರೋ ಹಾಯಿ? ತೂತು ಬಿದ್ದು ಜರಡಿ ಆಗವೆ. ಅದ್ಯಾಕೆ ತಗೀಬಾರ್ದು? ಬಣ್ಣಕ್ಕೊಂದು ನ್ಯಾಯ, ಬಟ್ಟೆಗೊಂದು ನ್ಯಾಯವಾ ಸ್ವಾಮಿ?"

ಚಲುವರಾಜು "ಸುಮ್ಕಿರ್ಲಾ," ಎಂದು ಗದರಿದನು. ಆದರೆ ಕರಿಯಯ್ಯ ಸುಳ್ಳು ಹೇಳಿರಲಿಲ್ಲ. ನನ್ನ ಬಾಯಿಂದಲೇ ಬಂದ ಮಾತನ್ನು ನನಗೆ ತಿರುಗಿಸಿದ್ದನು. ನಾನು ಏರಿಯ ಕಲ್ಲಿನ ಮೇಲೆ ಬಹಳ ಹೊತ್ತು ಕೂತಿದ್ದೆ. ನೀರಿನ ಮೇಲೆ ಗಾಳಿ ಇರಲಿಲ್ಲ. ಕೊನೆಗೆ ಎದ್ದು, ಬಟ್ಟೆ ತರಿಸು ಎಂದು ಚಲುವರಾಜುವಿಗೆ ಹೇಳಿ ಬಸ್ಸಿಗೆ ಹೋದೆ.

ಹಾಯಿ ಕತ್ತರಿಸುವುದು ನಮ್ಮ ಮನೆಯ ಹಜಾರದಲ್ಲಿ. ಬೇರೆ ಕಡೆ ಆಗುತ್ತಿರಲಿಲ್ಲ. ಹಜಾರಕ್ಕೆ ಹೊಸದಾಗಿ ಗಾರೆ ಹಾಕಿಸಿದ ವರ್ಷ, ಗಾರೆ ಇನ್ನೂ ಹಸಿಯಾಗಿರುವಾಗಲೇ ಚೂಡಾಮಣಿ ದಬ್ಬಳದಿಂದ ಹಾಯಿಯ ಗೆರೆಯನ್ನು ನೆಲದ ಮೇಲೆ ಕೊರೆದಿದ್ದಳು. ಮೂರು ಮೂಲೆ, ಒಂದು ಬದಿ ಮಾತ್ರ ಸ್ವಲ್ಪ ಬಾಗು. ಬಟ್ಟೆ ಹಾಸುವ ಮುಂಚೆ ಆ ಗೆರೆಯಲ್ಲಿ ರಂಗೋಲಿ ಪುಡಿ ತುಂಬುತ್ತಿದ್ದಳು. ಬಟ್ಟೆ ಯಾವುದೇ ಇರಲಿ, ಹೊಲಿಯುವವರು ಯಾರೇ ಇರಲಿ, ಹಾಯಿ ಒಂದೇ ಆಗಬೇಕಷ್ಟೆ. ಹಾಗೆ ಹೊಲಿದ ಹೊಸ ಹಾಯಿಯನ್ನು ನಾನು ತಕ್ಷಣ ಅಳೆಯಕೂಡದು ಎಂಬುದು ಅವಳ ಇನ್ನೊಂದು ಕಟ್ಟಳೆ. "ಹೊಸ ಬಟ್ಟೆ, ಎರಡು ಸಲ ಗಾಳಿ ಕುಡಿಯಲಿ. ಆಮೇಲೆ ಅಳೀರಿ," ಎನ್ನುತ್ತಿದ್ದಳು. ಅದೇ ನಮ್ಮ ನಿಯಮವೂ ಆಗಿತ್ತು. ಎರಡು ಸಲ ಕೆರೆಗೆ ಹೋಗಿ ಬಂದ ಮೇಲೆ ಅಳೆದರೆ ನಕ್ಷೆಗೂ ಹಾಯಿಗೂ ಕೂದಲೆಳೆಯ ವ್ಯತ್ಯಾಸವೂ ಇರುತ್ತಿರಲಿಲ್ಲ.

ಟೆರಿಲಿನ್ ಬಂತು. ಬಿಳುಪೆಂದರೆ ಕಣ್ಣು ಚುಚ್ಚುವ ಬಿಳುಪು. ನನ್ನ ತಂಗಿ ಗೋದಮ್ಮ ಅದನ್ನು ಬೆರಳಲ್ಲಿ ಹಿಸುಕಿ ನೋಡಿದಳು. ಗಂಡ ಹೋದ ಮೇಲೆ ಅವಳು ನಮ್ಮ ಜೊತೆಯೇ ಇದ್ದಳು. ಅತ್ತಿಗೆಯಿಂದ ಹೊಲಿಗೆ ಕಲಿತಿದ್ದಳು.

"ಇದು ಬಟ್ಟೆಯೋ ಕಾಗದವೋ ಅಣ್ಣ?" ಎಂದಳು. ಆಮೇಲೆ, "ಗೆರೆಗೆ ರಂಗೋಲಿ ಹಾಕೋ ಹಾಗಿಲ್ಲವಲ್ಲ," ಎಂದಳು.

ವರ್ಷ ತುಂಬುವ ತನಕ ಮನೆಯಲ್ಲಿ ರಂಗೋಲಿ ಇಲ್ಲ. ಬಾಗಿಲಿಗೂ ಇಲ್ಲ, ದೇವರ ಮುಂದೂ ಇಲ್ಲ. ಗೋದಮ್ಮ ಒಳಗೆ ಹೋಗಿ ಸೌದೆ ಒಲೆಯ ಇದ್ದಿಲನ್ನು ಕುಟ್ಟಿ ಪುಡಿ ಮಾಡಿ ತಂದು ಗೆರೆಯಲ್ಲಿ ತುಂಬಿದಳು. ಮಾಸಿಕದಲ್ಲಿ ವೈದಿಕರು ಕೂರುವ ನೆಲದ ಮೇಲೆ ಕರಿಯ ಹಾಯಿಯೊಂದು ಮಲಗಿದ ಹಾಗೆ ಕಂಡಿತು. ನಾನು ಹಿತ್ತಲಿಗೆ ಹೋಗಿ ತುಳಸಿಗೆ ನೀರು ಹಾಕಿದೆ. ಆಗಲೇ ಹಾಕಿಯಾಗಿತ್ತು. ಮತ್ತೆ ಹಾಕಿದೆ.

ಕತ್ತರಿಸುವುದಕ್ಕೆ ಕರಿಯಯ್ಯನ ಹೆಂಡತಿ ಮರಿತಾಯಮ್ಮನೂ ಬಂದಿದ್ದಳು. ಹೊಸ್ತಿಲಲ್ಲೇ ನಿಂತು, "ವರ್ಸ ತುಂಬ್ದಿರೋ ಮನೇಲಿ ಒಸ ಬಟ್ಟೆಗೆ ಕತ್ತರಿ ಆಕ್ಬೋದೇನ್ರವ್ವಾ?" ಎಂದು ಕೇಳಿದಳು.

"ಉಟ್ಟುಕೊಳ್ಳೋಕಲ್ಲವಲ್ಲ. ದೋಣಿಗೆ," ಎಂದಳು ಗೋದಮ್ಮ.

"ದೋಣಿಗೆ ಸೂತ್ಕ ಇಲ್ವಾ?"

"ಅದಕ್ಕೆ ಯಾವ ಗೋತ್ರ ಅಂತ ಕೇಳ್ಕೊಂಡು ಬಾ ಹೋಗು, ಆಮೇಲೆ ಹೇಳ್ತೀನಿ."

ಮರಿತಾಯಮ್ಮ ನಕ್ಕು ಒಳಗೆ ಬಂದು ಬಟ್ಟೆಯ ತುದಿ ಹಿಡಿದಳು. ಆ ಮನೆಯಲ್ಲಿ ನಗುವಿನ ಶಬ್ದ ಕೇಳಿ ನನಗೆ ಸಂತೋಷವಾಗಲಿಲ್ಲ, ಬೇಸರವೂ ಆಗಲಿಲ್ಲ.

ಐದು ಹಾಯಿ ಮುಗಿಯುವ ಹೊತ್ತಿಗೆ ಪುಷ್ಯ ಮುಗಿದಿತ್ತು. ಕೆರೆಗೆ ಒಯ್ದು ಮೊದಲನೆಯದನ್ನು ಪೈಪಿನ ಕಂಬಕ್ಕೆ ಏರಿಸಿದಾಗ, ಅದು ಕಂಬದ ಮೇಲಿನ ಗುರುತಿಗಿಂತ ಒಂದು ಗೇಣು ಕೆಳಗೇ ನಿಂತಿತು. ಎರಡನೆಯದೂ ಹಾಗೆಯೇ. ಐದೂ ಹಾಗೆಯೇ.

ಯಾರಿಗೂ ಆಶ್ಚರ್ಯವಾಗಲಿಲ್ಲ. "ಎಲ್ಡು ಸಲ ಗಾಳಿ ಕುಡೀಲಿ ಬುಡಿ," ಎಂದನು ಕರಿಯಯ್ಯ. ಎಲ್ಲರೂ ತಲೆದೂಗಿದರು. ನಾನೂ ತಲೆದೂಗಿದೆ. ಹೊಸ ಹಾಯಿ ಮೊದಲು ಗಿಡ್ಡ ಇರುವುದು ನಾವೆಲ್ಲ ಕಂಡದ್ದೇ.

ಅಂದು ಕೆರೆಯ ಮೇಲೆ ಹೋಗಿ ಬಂದರು. ಅದರ ಮರುವಾರ ಒಳ್ಳೆಯ ಮೂಡಗಾಳಿ ಇತ್ತು, ಮತ್ತೆ ಹೋಗಿ ಬಂದರು. ದೋಣಿಗಳು ಹಗುರವಾಗಿ, ಎಂದೂ ಓಡದ ಹಾಗೆ ಓಡಿದವು. ಹಾಯಿ ಮಾತ್ರ ಒಂದು ಎಳೆಯೂ ಬೆಳೆಯಲಿಲ್ಲ. ಕರಿಯಯ್ಯ ರಾತ್ರಿಯೆಲ್ಲ ನೀರಲ್ಲಿ ನೆನೆಸಿ, ಕಬ್ಬಿನ ಗಾಡಿಗೆ ಕಟ್ಟಿ ಜಗ್ಗಿಸಿದನಂತೆ. ಬೆಳೆಯಲಿಲ್ಲ.

"ಇದ್ಯಾವ ಸೀಮೆ ಬಟ್ಟೆಲಾ ತಂದಿದ್ದೀಯೆ," ಎಂದು ಚಲುವರಾಜುವನ್ನು ಬೈದನು. "ಕುಡಿಯಾಕೂ ಬರಾಕಿಲ್ಲ ಇದಕ್ಕೆ."

ಮನೆಗೆ ಬಂದು ನೆಲದ ಗೆರೆಯನ್ನು ಟೇಪಿಟ್ಟು ಅಳೆದೆ. ಇಷ್ಟು ವರ್ಷದಲ್ಲಿ ಹಾಯಿಗಳನ್ನು ಅಳೆದಿದ್ದೆ, ಗೆರೆಯನ್ನು ಅಳೆದಿರಲಿಲ್ಲ. ಅದರ ಅಗತ್ಯವೇ ಬಿದ್ದಿರಲಿಲ್ಲ. ಗೆರೆ ನಕ್ಷೆಗಿಂತ ಒಂದು ಗೇಣು ಒಳಗಿತ್ತು. ಹತ್ತಿ ಎಷ್ಟು ಹಿಗ್ಗುತ್ತದೆಂದು ತಿಳಿದು ಅಷ್ಟನ್ನೂ ಮೊದಲೇ ಕಳೆದು ಕೊರೆದಿದ್ದಳು. ಟೆರಿಲಿನ್ ಹಿಗ್ಗುವುದಿಲ್ಲ. ಅದನ್ನು ಗೆರೆಯಲ್ಲಿ ಹೇಗೆ ಕತ್ತರಿಸಿದ್ದೆವೋ ಹಾಗೆಯೇ ಇರುತ್ತದೆ. ಬಟ್ಟೆ ಬದಲಾಯಿಸಿದೆವು, ಗೆರೆ ಬದಲಾಯಿಸಲು ನಮಗೆ ತೋಚಲಿಲ್ಲ. ಅದನ್ನು ಹೇಳುವವಳು ಇರಲಿಲ್ಲ.

ಮರುದಿನ ಶೆಡ್ಡಿನಲ್ಲಿ ಎಲ್ಲರೂ ಸೇರಿದರು. ಶಿವರಾತ್ರಿ ಹತ್ತಿರ ಬಂದಿತ್ತು. ಬೇರೆ ಬಟ್ಟೆ ತರಿಸಲು ಸಮಯವಿರಲಿಲ್ಲ.

"ಸಾಹೇಬ್ರಿಗೆ ಏನ್ ಗೊತ್ತಾಯ್ತದೆ ಸ್ವಾಮಿ?" ಎಂದನು ಚಲುವರಾಜು. "ಅಳತೆ ಸರಿಯಾಗೈತೆ ಅಂದ್ಬುಡಿ."

"ನಾನು ಹಾಗೆ ಹೇಳುವುದಿಲ್ಲ."

"ನೀವ್ ಏಳಾಕಿಲ್ಲ ಅಂತ ಗೊತ್ತು. ಸುಮ್ಕೆ ಕೇಳ್ದೆ."

ಆಗ ಮರಿತಾಯಮ್ಮ ಮೂಲೆಯಲ್ಲಿ ಸುತ್ತಿಟ್ಟಿದ್ದ ಹತ್ತಿಯ ಹಾಯಿಗಳನ್ನು ತೋರಿಸಿದಳು. "ಕೆಳಗಡೆ ಒಂದು ಗೇಣಲ್ವಾ ಸ್ವಾಮಿ ಸಾಲ್ದಿರೋದು? ಅಮ್ನೋರ ಹಳೇ ಹಾಯೀಲಿ ಗಟ್ಟಿಯಾಗಿರೋ ಪಟ್ಟಿ ಕತ್ತರ್ಸಿ ಅಂಚು ಕೊಟ್ಟುಬುಡಣ. ಸೀರೆಗೆ ಅಂಚು ಕೊಟ್ಟಂಗೆ. ಅಳ್ತೇನೂ ಸರಿ ಓಯ್ತದೆ. ಅಮ್ನೋರ ಕೈ ಬಟ್ಟೇನೂ ಒಂದೀಟು ನೀರಿನ ಮ್ಯಾಲಿರ್ತದೆ."

ಎಲ್ಲರೂ ನನ್ನ ಕಡೆ ನೋಡಿದರು. ಅವರು ಒಳ್ಳೆಯ ಮನಸ್ಸಿನಿಂದಲೇ ನೋಡಿದರು. ನಾನು ಎದ್ದು ಹೋಗಿ ಒಂದು ಹಳೆಯ ಹಾಯಿಯನ್ನು ಬಿಚ್ಚಿದೆ. ಹೊಗೆ, ಕೆರೆಯ ಪಾಚಿ, ಇಲಿಯ ವಾಸನೆ ಬಂತು. ಅವಳ ಹೊಲಿಗೆ ಎಲ್ಲಿಯೂ ಬಿಟ್ಟಿರಲಿಲ್ಲ. ಬಟ್ಟೆ ಹರಿದಿತ್ತು, ಹೊಲಿಗೆ ಹರಿದಿರಲಿಲ್ಲ. ಹಾಗೇ ಮಾಡಿ ಎಂದು ಹೇಳಿಬಿಡಬೇಕೆನಿಸಿತು. ಒಂದು ಮಾತು ಅಷ್ಟೆ. ಅದು ಅಳತೆಗೂ ಸರಿ, ನಿಯಮಕ್ಕೂ ಸರಿ, ನನಗೂ ಸಮಾಧಾನ.

ಆದರೆ ನಾನು ಅಳತೆಗಾರ. ಹಳೆಯ ಹತ್ತಿ ಒಂದೊಂದು ಹಾಯಿಯಲ್ಲಿ ಒಂದೊಂದು ರೀತಿ ಸವೆದಿತ್ತು. ಗಾಳಿಗೆ ಒಂದು ಪಟ್ಟಿ ನಾಲ್ಕು ಬೆರಳು ಹಿಗ್ಗುತ್ತದೆ, ಇನ್ನೊಂದು ಎರಡು ಬೆರಳು. ಮೂರನೆಯದು ಅರ್ಧ ದಾರಿಯಲ್ಲೇ ಹರಿಯುತ್ತದೆ. ಆಮೇಲೆ ಐದು ದೋಣಿ ಐದು ಥರ. ಗೆದ್ದವನು ಕೈಯಿಂದ ಗೆದ್ದನೋ ಪಟ್ಟಿಯಿಂದ ಗೆದ್ದನೋ ತಿಳಿಯುವುದಿಲ್ಲ. ಅವಳ ಬಟ್ಟೆಯನ್ನು ಉಳಿಸಲು ಹೋಗಿ, ಅವಳು ಯಾವುದಕ್ಕಾಗಿ ಮಂಡಿಯೂರಿ ಗೆರೆ ಕೊರೆದಳೋ ಅದನ್ನೇ ಕೆಡಿಸಿದ ಹಾಗಾಗುತ್ತದೆ.

"ಪಟ್ಟಿ ಬೇಡ," ಎಂದೆ. "ಐದೂ ಒಂದೇ ಸಮ ಗಿಡ್ಡವಾಗಿವೆ. ಹಾಗೆಯೇ ಇರಲಿ. ಇನ್ನು ಮುಂದೆ ನಮ್ಮ ಹಾಯಿಯ ಅಳತೆ ಅದೇ. ಕಂಬದ ಗುರುತನ್ನು ಒಂದು ಗೇಣು ಕೆಳಗೆ ಹಾಕು ಚಲುವರಾಜು. ಸಾಹೇಬರು ಕೇಳಿದರೆ ಅಳತೆ ಬದಲಾಗಿದೆ, ನಾನು ಬದಲಾಯಿಸಿದ್ದೇನೆ ಎಂದು ನಾನೇ ಹೇಳುತ್ತೇನೆ."

"ಇಂಗ್ಲಿಸ್ ದೊರೆ ನಕ್ಸೆ?" ಎಂದನು ಕರಿಯಯ್ಯ.

"ದೊರೆ ಹತ್ತಿ ಬಟ್ಟೆಯ ಕಾಲದವನು."

ಚಲುವರಾಜು ಬಣ್ಣದ ಡಬ್ಬ ಹುಡುಕಲು ಹೋದನು. ಮರಿತಾಯಮ್ಮ ಹಳೆಯ ಹಾಯಿಗಳ ಕಡೆ ನೋಡುತ್ತಲೇ ಇದ್ದಳು. "ಅಂಗಾರೆ ಇವು ಸುಮ್ಕೆ ಇಲಿ ಪಾಲಾಯ್ತವಲ್ಲ ಸ್ವಾಮಿ. ನಂಗಾದ್ರೂ ಕೊಡಿ. ಬೆಲ್ಲದ ಅಚ್ಚಿನ ಮ್ಯಾಲೆ ಒದಿಸಾಕಾಯ್ತದೆ, ನೊಣ ಕೂರಾಕಿಲ್ಲ."

"ಒಗೆದು ಹೊದಿಸು," ಎಂದೆ.

"ಒಗೀದೆ ಒದಿಸ್ತೀನಾ? ಬೆಲ್ಲ ತಿನ್ನೋರು ಮನುಸ್ರಲ್ವಾ?" ಎಂದು ಐದನ್ನೂ ಸುತ್ತಿ ತಲೆಯ ಮೇಲೆ ಹೊತ್ತುಕೊಂಡು ಏರಿಯ ಮೇಲೆ ನಡೆದಳು. ಅವಳು ತಿರುವಿನಲ್ಲಿ ಮರೆಯಾಗುವ ತನಕ ನೋಡಿದೆ. ಕರೆದು ಒಂದನ್ನಾದರೂ ಇಟ್ಟುಕೊಳ್ಳೋಣವೆನಿಸಿತು. ಕೂಗಲಿಲ್ಲ.

ಶಿವರಾತ್ರಿಯ ಹಿಂದಿನ ಭಾನುವಾರ ಪಂದ್ಯ ನಡೆಯಿತು. ಚಿಕ್ಕರಸಿನಕೆರೆ, ದುದ್ದ, ಮದ್ದೂರು ಕಡೆಯಿಂದ ನಾನು ಎಣಿಸಿರದಷ್ಟು ಜನ ಬಂದು ಏರಿಯ ಮೇಲೆ ಕೂತರು. ಕಡಲೆಕಾಯಿ ಮಾರುವವರು ಬಂದರು. ಎಂಜಿನಿಯರು ಸಾಹೇಬರು ಜೀಪಿನಲ್ಲಿ ಬಂದು ಹೊಂಗೆ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡರು. ಹಾಯಿಯ ಅಳತೆ ಬದಲಾದ ವಿಷಯವನ್ನು ನಾನು ಅವರಿಗೆ ಹೇಳಿದೆ. ಅವರಿಗೆ ಅದು ಯಾಕೆ ಹೇಳಬೇಕಾದ ವಿಷಯವೆಂದೇ ತಿಳಿಯಲಿಲ್ಲ. "ಐದು ದೋಣಿ ಇವೆಯಲ್ಲ, ಸರಿ," ಎಂದರು.

ಗಾಳಿ ಹೆಚ್ಚು ಇರಲಿಲ್ಲ. ದೋಣಿಗಳು ನಿಧಾನವಾಗಿ ಹೋಗಿ, ಆಚೆ ದಡದ ಬಳಿ ನೀರಿನಲ್ಲಿರುವ ಕಲ್ಲುಮಂಟಪ ಸುತ್ತಿ, ನಿಧಾನವಾಗಿ ಬಂದವು. ನಾನು ಬಾವುಟ ಹಿಡಿದು ಬಿಸಿಲಲ್ಲಿ ನಿಂತಿದ್ದೆ. ಕೈ ನೋಯುತ್ತಿತ್ತು. ಕೊನೆಯಲ್ಲಿ ಎರಡು ದೋಣಿಗಳು ಒತ್ತಾಗಿ ಬಂದವು. ಚಲುವರಾಜುವಿನದು ಒಂದು ಮೊಳ ಮುಂದೆ ಗೆರೆ ದಾಟಿತು. ಕರಿಯಯ್ಯನದು ಎರಡನೆಯದು. ಜನ ಟವೆಲು ಬೀಸಿದರು. ಸಾಹೇಬರು ಎದ್ದು, "ಶೆಡ್ಡು ನಿಮ್ಮಲ್ಲೇ ಇರಲಿ ಬಿಡಿ ಪಾರ್ಥಸಾರಥಿಗಳೇ. ಮೀನಿನವರಿಗೆ ಬೇರೆ ಜಾಗ ನೋಡ್ತೀನಿ," ಎಂದು ಹೇಳಿ ಜೀಪು ಹತ್ತಿದರು.

ಕೆಲಸ ಮುಗಿಯಿತೆಂದು ಬಾವುಟ ಮಡಿಸಿದೆ. ಮನೆಗೆ ಹೋಗಿ ಸ್ನಾನ ಮಾಡಿ ಮಲಗಬೇಕು, ಬೇರೇನೂ ಬೇಡ ಎನಿಸುತ್ತಿತ್ತು. ಮಳವಳ್ಳಿ ಬಸ್ಸಿಗೆ ಇನ್ನೂ ಸ್ವಲ್ಪ ಹೊತ್ತಿತ್ತು. ಆಗ ಕರಿಯಯ್ಯ ಮೊಣಕಾಲು ತನಕ ಕೆಸರು ಮಾಡಿಕೊಂಡು ನೀರಿನಿಂದಲೇ ಕೂಗುತ್ತ ಬಂದನು.

"ಸ್ವಾಮೀ, ಓಗ್ಬ್ಯಾಡಿ. ಇವನ ಹಾಯಿ ಅಳೀಬೇಕು. ನನ್ನದ್ಕಿಂತ ಎಲ್ಡು ಬೆಳ್ಳು ಜಾಸ್ತಿ ಐತೆ."

"ಸೋತೋನ್ಗೆ ಊರೆಲ್ಲ ದೊಡ್ದಾಗೇ ಕಾಣ್ತದೆ," ಎಂದನು ಚಲುವರಾಜು ಹಿಂದಿನಿಂದ.

"ಕಾಣಾದು ಯಾಕ್ಲಾ, ಟೇಪು ಇಕ್ಸು. ಗೋದಮ್ನೋರು ನಿಂಗೆ ಅಂತ ಇದ್ದಿಲ ಗೆರೆ ದಾಟಿ ಕತ್ತರ್ಸವ್ರೆ. ನಾನ್ ಗೆದ್ದಿದ್ರೂ ಕೇಳ್ತಿದ್ದೆ."

"ನೀನ್ ಗೆದ್ದಿದ್ರೆ ಕುಣೀತಿದ್ದೆ."

ಜನ ಸುತ್ತ ಸೇರಿದರು. ಅಲ್ಲೇ ಎರಡು ಪಕ್ಷವಾಯಿತು. ಮದ್ದೂರಿನವರು ಚಲುವರಾಜುವಿನ ಕಡೆ, ಚಿಕ್ಕರಸಿನಕೆರೆಯವರು ಕರಿಯಯ್ಯನ ಕಡೆ. ಹತ್ತು ವರ್ಷದಿಂದ ಹಾಯಿಯ ಅಳತೆಗಾಗಿ ಯಾರೂ ಜಗಳವಾಡಿರಲಿಲ್ಲ. ಯಾರಿಗೂ ಅದು ಅಷ್ಟು ಬೇಕಾಗಿರಲಿಲ್ಲ.

"ನಾಳೆ ಅಳೆದರೆ ಆಗದೆ ಕರಿಯಯ್ಯ?" ಎಂದು ಕೇಳಿದೆ.

"ನಾಳೆ ಒತ್ಗೆ ಇವನು ಕತ್ತರ್ಸಿ ಸರಿ ಮಾಡ್ಬುಡ್ತಾನೆ ಸ್ವಾಮಿ. ಈಗ್ಲೇ ಆಗ್ಬೇಕು."

"ಈಗ್ಲೇ ಆಗ್ಲಿ," ಎಂದು ಚಲುವರಾಜುವೂ ಹಟ ಹಿಡಿದನು. ಹಾಯಿಯನ್ನು ಕಂಬದಿಂದ ಇಳಿಸಿ ತಂದು ಏರಿಯ ಹುಲ್ಲಿನ ಮೇಲೆ ಹಾಸಿಯೇ ಬಿಟ್ಟರು. ಅದರ ಅಂಚಿನಲ್ಲಿ ಇದ್ದಿಲಿನ ಕರೆ ಇನ್ನೂ ಹೋಗಿರಲಿಲ್ಲ.

ಮಳವಳ್ಳಿ ಬಸ್ಸು ಏರಿಯ ಕೊನೆಯಲ್ಲಿ ಹಾರನ್ ಹೊಡೆಯುತ್ತ ನಿಂತಿತು. ಕಂಡಕ್ಟರು ನನ್ನನ್ನು ಗುರುತಿಸಿ ಕೈ ಬೀಸಿದನು. ನಾನು ಬರುವುದಿಲ್ಲವೆಂದು ಕೈ ತೋರಿಸಿದೆ. ಆಮೇಲೆ ಮೊಣಕಾಲಿಗೆ ಕೈ ಊರಿ ಹುಲ್ಲಿನ ಮೇಲೆ ಕೂತು, ಟೇಪಿನ ತುದಿಯನ್ನು ಕರಿಯಯ್ಯನ ಕೈಗೆ ಕೊಟ್ಟೆ. "ಮೇಲಿನ ಮೂಲೆಯಲ್ಲಿ ಹಿಡಿ," ಎಂದೆ. "ಉಳಿದವರು ಬಟ್ಟೆಯ ಮೇಲಿಂದ ಕಾಲು ತೆಗೆಯಿರಿ."